ಸದರಿ ಇಂಜಿನ್ನಿನ ಬಗ್ಗೆ ನಾನು ಕೊಟ್ಟ ವರದಿ

ಪತ್ರಗಳಲ್ಲಿ ವಿಷಯವನ್ನು ಮೊದಲ ಸಾಲಿನಲ್ಲೇ ನಮೂದಿಸುವುದು ಕ್ರಮ. ಆ ಕ್ರಮವನ್ನು ಇಲ್ಲಿಯೂ ಪಾಲಿಸುತ್ತೇನೆ. ಕಳೆದ ವರ್ಷ ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಊರಿನಲ್ಲಿ, ಎರಡೂವರೆ ಲಕ್ಷ ಕಿಲೋಮೀಟರ್ ಓಡಿದ್ದ ಹಳೆಯ ಅಂಬಾಸಿಡರ್ ಕಾರೊಂದರ ಇಂಜಿನ್ ಎಷ್ಟು ಸವೆದಿದೆ ಎಂದು ಪರೀಕ್ಷಿಸಿ ನಾನು ಲಿಖಿತ ವರದಿ ಕೊಟ್ಟೆ. ಆ ವರದಿಯಿಂದ ಒಬ್ಬರ ಕೆಲಸ ಹೋಯಿತು. ವರದಿ ಹೇಗೆ ತಯಾರಾಯಿತು, ಅದರಲ್ಲಿ ಏನನ್ನು ಸೇರಿಸಿದ್ದೆ, ಏನನ್ನು ಬಿಟ್ಟಿದ್ದೆ ಎಂಬುದನ್ನು ನಡೆದ ಕ್ರಮದಲ್ಲಿಯೇ ದಾಖಲಿಸುವುದು ಈ ಬರಹದ ಉದ್ದೇಶ. ಇದಕ್ಕೆ ಮೊದಲು ನಾನು ಪತ್ರಗಳ ಹೊರತು ಬೇರೇನನ್ನೂ ಬರೆದವನಲ್ಲ. ಆ ಪತ್ರಗಳನ್ನೂ ಕಚೇರಿಗಳಿಂದ ಬಂದ ಪತ್ರಗಳನ್ನು ಎದುರಿಗಿಟ್ಟುಕೊಂಡೇ ಬರೆದವನು. ಆದ್ದರಿಂದ ಲೋಪಗಳು ಕಂಡುಬಂದಲ್ಲಿ ಓದುಗರು ಮನ್ನಿಸಬೇಕಾಗಿ ಕೋರುತ್ತೇನೆ.

ಹುಣಸೂರಿನಲ್ಲಿ ನನ್ನದೊಂದು ಗ್ಯಾರೇಜ್ ಇದೆ. ಬರುವುದು ಹೆಚ್ಚಾಗಿ ಹೊಸ ಕಾರುಗಳು. ಒಂದು ಬೆಳಿಗ್ಗೆ ಹೆಗ್ಗಡದೇವನಕೋಟೆ ಕಡೆಯಿಂದ ಒಬ್ಬರು ಫೋನ್ ಮಾಡಿದರು. ಅವರು ಕಬಿನಿ ಹಿನ್ನೀರಿನ ಬಳಿ ಪ್ರವಾಸಿಗರಿಗೆ ಕೋಣೆಗಳನ್ನು ನಡೆಸುವವರು. ಮುಂದೆ ಅವರನ್ನು ಖರೀದಿದಾರರು ಎಂದೇ ಕರೆಯುತ್ತೇನೆ.

"ಪಿರಿಯಾಪಟ್ಟಣದ ಕಡೆ ಒಂದು ಹಳೇ ಅಂಬಾಸಿಡರ್ ನೋಡಿದೀನಿ. ಜೊತೇಲಿ ಒಬ್ರು ಹಳೇ ಡ್ರೈವರ್ರೂ ಅವ್ರೆ," ಎಂದರು. "ಇಂಜಿನ್ ಚೆನ್ನಾಗಿದ್ರೆ ಕಾರೂ ನಂಗೆ, ಡ್ರೈವರ್ರೂ ನಂಗೆ. ಸಂಬಳ, ಇರೋಕೆ ರೂಮು ಎಲ್ಲಾ ಕೊಡ್ತೀನಿ. ಬಂದ ಗೆಸ್ಟುಗಳ್ನ ಆ ಯಜಮಾನ್ರು ಆ ಕಾರಲ್ಲಿ ಸುತ್ತಿಸಿದ್ರೆ ಒಂದು ಗತ್ತು ಇರ್ತದೆ. ಇಂಜಿನ್ ಹೋಗಿದ್ರೆ ಬಾಡಿ ಮಾತ್ರ ತಗೊಂಡು ಬೇರೆ ಇಂಜಿನ್ ಕೂರಿಸ್ತೀನಿ. ಆಗ ಓಡ್ಸೋಕೆ ನಮ್ಮೋರೇ ಸಾಕು."

"ನೋಡಿ ಹೇಳ್ತೀನಿ ಸರ್."

"ಬಾಯಿಮಾತು ಬೇಡ ಕಣ್ರೀ. ಲೆಟರ್ ಕೊಡಿ, ಸೀಲ್ ಹಾಕಿ ಕೊಡಿ. ನಮ್ಮಲ್ಲಿ ಇನ್ನೂ ಆರು ಗಾಡಿ ಅವೆ. ನಿಮ್ಮ ಕೆಲ್ಸ ಹಿಡಿಸಿದ್ರೆ ಎಲ್ಲಾ ನಿಮ್ಮತ್ರಾನೇ ಬರ್ತವೆ."

ನನ್ನ ಬಳಿ ಸೀಲು ಇರಲಿಲ್ಲ. ಅಂದೇ ಹೋಗಿ ಗ್ಯಾರೇಜಿನ ಹೆಸರು, ಕೆಳಗೆ 'ತಪಾಸಣಾಧಿಕಾರಿ' ಎಂಬ ಪದ ಇರುವ ದುಂಡನೆಯ ಸೀಲು ಮಾಡಿಸಿದೆ. ಆ ಪದವನ್ನು ಸೇರಿಸಲು ನನಗೆ ಯಾರೂ ಹೇಳಿರಲಿಲ್ಲ.

ಎರಡು ದಿನ ಬಿಟ್ಟು ಆ ಊರಿಗೆ ಹೋದೆ. ಹೊಗೆಸೊಪ್ಪಿನ ಗ್ರೇಡಿಂಗ್ ನಡೆಯುತ್ತಿದ್ದ ಸಮಯ. ಮನೆಯ ಮುಂದಿನ ಅಂಗಳದಲ್ಲಿ ಹತ್ತು ಹನ್ನೆರಡು ಹೆಂಗಸರು ಕೂತು, ಬಿಸಿಗಾಳಿಯಲ್ಲಿ ಬೇಯಿಸಿ ಒಣಗಿಸಿದ ಸೊಪ್ಪನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದರು. ಕಾರನ್ನು ಕೊಂಡಿದ್ದ ದೊಡ್ಡ ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಈಗ ಮನೆಯ ವ್ಯವಹಾರ ಅವರ ಮಗನದು. ಮಗ ಜಗಲಿಯಿಂದಲೇ ನನ್ನನ್ನು ಬರಮಾಡಿಕೊಂಡರು.

"ಬನ್ನಿ ಬನ್ನಿ. ಶೆಡ್ಡಲ್ಲಿ ಎರಡು ಮುದಿ ಜೀವ ಅವೆ. ಯಾವುದ್ರ ನಾಡಿ ಮೊದ್ಲು ನೋಡ್ತೀರಿ?"

ಅಂಗಳದ ಹೆಂಗಸರು ನಕ್ಕರು. ಅವರಲ್ಲಿ ಒಬ್ಬರು ನಗದೆ ಸೊಪ್ಪಿನ ಮೇಲೆ ಬಗ್ಗಿಕೊಂಡೇ ಇದ್ದರು. ಅವರು ಚಾಲಕರ ಹೆಂಡತಿ ಎಂಬುದು ನನಗೆ ಆಮೇಲೆ ತಿಳಿಯಿತು.

ಚಾಲಕರು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಅರವತ್ತು ದಾಟಿದವರು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಇಪ್ಪತ್ತನೇ ವಯಸ್ಸಿನಿಂದ ಈ ಒಂದೇ ಕಾರನ್ನು ಓಡಿಸಿದವರು. ಶೆಡ್ಡಿಗೆ ಅಂಟಿಕೊಂಡ ಒಂದು ಕೋಣೆಯೇ ಗಂಡ ಹೆಂಡಿರ ಮನೆ. ಕಾರು ಹೋದರೆ ಶೆಡ್ಡನ್ನು ಸೊಪ್ಪು ತುಂಬಲು ಬಳಸುವುದು, ಕೋಣೆಯನ್ನೂ ಅದಕ್ಕೇ ಸೇರಿಸಿಕೊಳ್ಳುವುದು ಎಂದು ಮಗ ಆಗಲೇ ತೀರ್ಮಾನಿಸಿದ್ದರು. ಆದ್ದರಿಂದ ಕಾರಿನ ಜೊತೆ ಹೆಗ್ಗಡದೇವನಕೋಟೆಗೆ ಹೋಗುವುದೊಂದೇ ಚಾಲಕರಿಗೆ ಉಳಿದಿದ್ದ ದಾರಿ. ಇದನ್ನು ಅವರೇ ನನಗೆ ಮೊದಲ ಐದು ನಿಮಿಷದಲ್ಲಿ ಹೇಳಿದರು. ಬೇಡಿಕೊಳ್ಳುವ ದನಿಯಲ್ಲಿ ಅಲ್ಲ. ಟೈರಿನಲ್ಲಿ ಎಷ್ಟು ಗಾಳಿ ಇದೆ ಎಂದು ಹೇಳುವ ದನಿಯಲ್ಲಿ.

ಮೀಟರ್ ನೋಡಿದೆ. ಐವತ್ತೆರಡು ಸಾವಿರ ಚಿಲ್ಲರೆ ತೋರಿಸುತ್ತಿತ್ತು.

"ಅದು ಮೂರ್ನೇ ಸುತ್ತು ಸಾ, ಲಕ್ಷಕ್ಕೊಂದು ಸುತ್ತು. ಎರಡು ದಪ ಸೊನ್ನೆ ಆಗದೆ, ಎರಡು ಕಾಯಿ ಒಡ್ದಿವಿ," ಎಂದರು ಚಾಲಕರು. "ಸೊನ್ನೆ ಹತ್ರ ಬತ್ತಿದ್ದಂಗೆ ದೊಡ್ಡೋರು ಡಿಕ್ಕೀಲಿ ಒಂದು ತೆಂಗಿನಕಾಯಿ ಮಡಿಕ್ಕಂಡೇ ಓಡಾಡೋರು. ಸೊನ್ನೆ ಬಿದ್ದೇಟ್ಗೆ, ಎಲ್ಲಿದ್ರೆ ಅಲ್ಲೇ, ನಿಲ್ಸು ಅನ್ನೋರು. ಒಂದು ಕಾಯಿ ಇರ್ಪು ದಾರೀಲಿ, ಇನ್ನೊಂದು ನಮ್ಮೂರ ಕೆರೆ ಏರಿ ಮೇಲೆ."

ಇಂಜಿನ್ ಸ್ಟಾರ್ಟ್ ಮಾಡಲು ಹೇಳಿದೆ. ಚಾಲಕರು ಚಪ್ಪಲಿಯನ್ನು ಕಾರಿನ ಹೊರಗೆ ಜೋಡಿಸಿ ಬಿಟ್ಟು ಬರಿಗಾಲಲ್ಲಿ ಒಳಗೆ ಕೂತರು. ಚೋಕಿನ ಗುಂಡಿ ಎಳೆದರು. ನಂತರ ಎರಡೂ ಪಾದಗಳನ್ನು ಹಿಂದಕ್ಕೆ ಎಳೆದುಕೊಂಡು, ಹಿಮ್ಮಡಿಗಳನ್ನು ಜೋಡಿಸಿ, ಶಾಲೆಯ ಬೆಂಚಿನಲ್ಲಿ ಕೂತಂತೆ ಕೂತು ಕೀಲಿ ತಿರುಗಿಸಿದರು. ಎರಡನೇ ಸುತ್ತಿಗೇ ಇಂಜಿನ್ ಹಿಡಿಯಿತು. ಕಾಲು ಯಾಕೆ ಹಾಗೆ ಎಂದು ಕೇಳಿದೆ.

"ಸ್ಟಾರ್ಟ್ ಮಾಡೋವಾಗ ಆಕ್ಸಿಲೇಟ್ರು ಮುಟ್ಟಬಾರ್ದು ಅಂತ ದೊಡ್ಡೋರು ಮೊದಲ್ನೇ ದಿವ್ಸಾನೇ ಹೇಳಿದ್ರು ಸಾ. ಮುಟ್ಟುದ್ರೆ ಪೆಟ್ರೋಲು ಜಾಸ್ತಿಯಾಗಿ ಪ್ಲಗ್ಗು ನೆನೀತದಂತೆ. ಅವತ್ತಿಂದ ಮುಟ್ಟಿಲ್ಲ."

ಒಳ್ಳೆಯ ಅಭ್ಯಾಸ ಎಂದೆ.

ಆ ದಿನದ ಪರೀಕ್ಷೆಗಳು ಹೀಗಿದ್ದವು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಆಲಿಸಿದೆ. ಬೇರಿಂಗ್ ಬಡಿತ ಇರಲಿಲ್ಲ. ಮೇಲೆ ಟ್ಯಾಪೆಟ್ಟಿನ ಸಣ್ಣ ಸದ್ದು ಮಾತ್ರ, ಅದು ಇರುವಂಥದೇ. ಇಂಜಿನ್ ಬಿಸಿಯಾದ ಮೇಲೆ ನನ್ನ ಗೇಜ್ ಜೋಡಿಸಿ ಆಯಿಲ್ ಪ್ರೆಶರ್ ನೋಡಿದೆ. ಇರಬೇಕಾದಷ್ಟು ಇತ್ತು. ಎಣ್ಣೆ ತುಂಬುವ ಮುಚ್ಚಳ ತೆಗೆದು ಬಾಯಿಗೆ ಅಂಗೈ ಹಿಡಿದೆ. ಪಿಸ್ಟನ್ ರಿಂಗುಗಳು ಸವೆದಿದ್ದರೆ ಉರಿದ ಹೊಗೆ ಕೆಳಕ್ಕೆ ನುಗ್ಗಿ ಅಲ್ಲಿಂದ ಅಂಗೈಗೆ ರಭಸವಾಗಿ ಹೊಡೆಯುತ್ತದೆ. ಇಲ್ಲಿ ತಟ್ಟಿದ್ದು ಮಲಗಿದವರ ಉಸಿರಿನಷ್ಟು. ಸೈಲೆನ್ಸರಿನ ಹಿಂದೆ ಬಿಳಿ ಹಾಳೆ ಹಿಡಿದು ಇಂಜಿನ್ ಏರಿಸಲು ಹೇಳಿದೆ. ಎಣ್ಣೆ ಉರಿಯುತ್ತಿದ್ದರೆ ಹಾಳೆಯ ಮೇಲೆ ಜಿಡ್ಡಿನ ಚುಕ್ಕೆಗಳು ಬೀಳುತ್ತವೆ. ಹಾಳೆ ಒಣಗಿಯೇ ಇತ್ತು. ಪ್ಲಗ್ಗುಗಳನ್ನು ಬಿಚ್ಚಿದೆ. ನಾಲ್ಕೂ ಹೆಂಚಿನ ಬಣ್ಣ, ಸರಿಯಾಗಿ ಉರಿಯುತ್ತಿರುವ ಗುರುತು.

ಉಳಿದದ್ದು ಕಂಪ್ರೆಷನ್ ಪರೀಕ್ಷೆ. ಪ್ಲಗ್ಗಿನ ಜಾಗದಲ್ಲಿ ಗೇಜ್ ಕೂರಿಸಿ, ಇಂಜಿನ್ ತಿರುಗಿಸಿ, ಪ್ರತಿ ಸಿಲಿಂಡರು ಗಾಳಿಯನ್ನು ಎಷ್ಟು ಒತ್ತಡಕ್ಕೆ ಅದುಮುತ್ತದೆ ಎಂದು ನೋಡುವುದು. ಗೋಡೆಯೋ ರಿಂಗೋ ಸವೆದಿದ್ದರೆ ಗಾಳಿ ಸೋರಿ ಅಂಕಿ ಕುಸಿಯುತ್ತದೆ. ನನ್ನ ಗೇಜಿನ ತುದಿಯ ತಿರುಪು ಆ ಹಳೆಯ ಇಂಜಿನ್ನಿಗೆ ಹೊಂದಲಿಲ್ಲ. ಮೈಸೂರಿನಿಂದ ಹೊಂದುವ ತುಂಡು ತರಿಸಬೇಕಾಗಿತ್ತು. ಮೂರು ದಿನ ಬಿಟ್ಟು ಬರುತ್ತೇನೆ ಎಂದು ಹೇಳಿ ಕೈ ಒರೆಸಿಕೊಳ್ಳುತ್ತಿದ್ದಾಗ ಚಾಲಕರು ನನ್ನ ಮುಖವನ್ನೇ ನೋಡುತ್ತಿದ್ದರು.

"ಇಲ್ಲಿಗಂಟ ಚೆನ್ನಾಗಿದೆ," ಎಂದುಬಿಟ್ಟೆ.

ಅವರು ಅಂಗಳದ ಕಡೆ ತಿರುಗಿ ಕೂಗಿದರು: "ಏ, ಕೇಳ್ತಾ? ಚೆನ್ನಾಗದಂತೆ ಕಣೇ!"

"ಅಂಗಾರೆ ಕಾರಲ್ಲೇ ಕೋಟೆಗೆ ಓಯ್ತೀರಿ ಅನ್ನಿ ಇನ್ನ," ಎಂದರು ಒಬ್ಬ ಹೆಂಗಸು. "ನಿನ್ ಹೆಂಡ್ರು ಹಿಂದ್ಲ ಸೀಟಲ್ಲಿ, ನೀನು ಮುಂದೆ. ಯಾರು ಸಾಹುಕಾರ್ರೋ ಗೊತ್ತಾಗಾಕಿಲ್ಲ!"

ಆಗ ಚಾಲಕರ ಹೆಂಡತಿ ನಕ್ಕರು. ಅವರ ಕೈಯಿಂದಲೇ ಒಂದು ಲೋಟ ಕಾಫಿ ಬಂತು. ಕುಡಿದೆ.

ಹಿಂದಿರುಗುವಾಗ ಖರೀದಿದಾರರ ಫೋನ್ ಬಂತು. ಎಲ್ಲಿಯವರೆಗೆ ಬಂತು ಎಂದು ಕೇಳಿದರು. ಇನ್ನೊಂದು ಪರೀಕ್ಷೆ ಬಾಕಿ ಇದೆ ಎಂದೆ.

"ಸರಿ ಸರಿ. ನಿಮ್ಮ ಲೆಟರ್ ನಂಬ್ಕೊಂಡು ತಗೋತಿರೋದು. ನಾಳೆ ಗೆಸ್ಟ್ ಕೂರಿಸ್ಕೊಂಡು ಕಾಡು ದಾರೀಲಿ ನಿಂತೋಯ್ತು ಅಂದ್ರೆ ನಾನು ಇಂಜಿನ್ನ ಕೇಳೋಕಾಗಲ್ಲ. ನಿಮ್ಮನ್ನೇ ಕೇಳೋದು."

ಆ ಮೂರು ದಿನ ಈ ಮಾತು ನನ್ನ ತಲೆಯಲ್ಲಿ ಓಡುತ್ತಲೇ ಇತ್ತು. ನಮ್ಮ ಕಸುಬಿನಲ್ಲಿ ಚೆನ್ನಾಗಿದೆ ಎಂದವರನ್ನು, ಗಾಡಿ ಕೆಟ್ಟಾಗ ಜನ ಹುಡುಕಿಕೊಂಡು ಬರುತ್ತಾರೆ. ಹೋಗಿದೆ ಎಂದವರನ್ನು ಯಾರೂ ವಾಪಸು ಬಂದು ಪ್ರಶ್ನಿಸುವುದಿಲ್ಲ. ಮತ್ತೆ ಶೆಡ್ಡಿಗೆ ಹೋಗುವ ಹೊತ್ತಿಗೆ ನಾನು ದೋಷವನ್ನು ಹುಡುಕಲು ಹೋದವನಾಗಿದ್ದೆ. ಇದನ್ನು ಅಂದು ನಾನು ತಿಳಿದಿರಲಿಲ್ಲ ಎಂದು ಹೇಳಿದರೆ ಅದು ಪೂರ್ಣ ಸತ್ಯವಾಗುವುದಿಲ್ಲ.

ಎರಡನೇ ಭೇಟಿಯಲ್ಲಿ ಬ್ಯಾಟರಿ ಇಳಿಯದಂತೆ ನನ್ನ ವ್ಯಾನಿನಿಂದ ಕೇಬಲ್ ಕೊಟ್ಟೆ. ಇಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್ ವೈರ್ ಕಳಚಿ ಮೊದಲನೇ ಸಿಲಿಂಡರಿಗೆ ಗೇಜ್ ಕೂರಿಸಿದೆ. ಚಾಲಕರಿಗೆ ಒಳಗೆ ಕೂತು ತಿರುಗಿಸಲು ಹೇಳಿದೆ. ಬಾನೆಟ್ ನನ್ನ ಮತ್ತು ಅವರ ನಡುವೆ ಎದ್ದು ನಿಂತಿತ್ತು. ಬಾಗಿಲ ಬಳಿ ಜೋಡಿಸಿಟ್ಟ ಚಪ್ಪಲಿಗಳು ಮಾತ್ರ ನನಗೆ ಕಾಣುತ್ತಿದ್ದವು.

ಆ ಇಂಜಿನ್ನಿನಲ್ಲಿ ಒತ್ತಡ ನೂರಿಪ್ಪತ್ತು ಪೌಂಡಿನ ಆಸುಪಾಸು ಬರಬೇಕು. ಮೊದಲನೆಯದು ಎಪ್ಪತ್ತೆಂಟಕ್ಕೆ ನಿಂತಿತು. ಎರಡನೆಯದು ಎಂಬತ್ತು. ಮೂರನೆಯದು ಎಪ್ಪತ್ತೆಂಟು. ನಾಲ್ಕನೆಯದು ಎಪ್ಪತ್ತೊಂಬತ್ತು. ಪ್ರತಿ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದೆ. ಎಣ್ಣೆ ಸೋರುವ ಸಂದನ್ನು ತುಂಬುವುದರಿಂದ, ಅಂಕಿ ಏರಿದರೆ ಸವೆದಿರುವುದು ರಿಂಗು ಎಂದು ಲೆಕ್ಕ. ಅಂಕಿ ತೊಂಬತ್ತೈದು ದಾಟಿತು.

ಡಿಪ್‌ಸ್ಟಿಕ್ ಎಳೆದು ಎಣ್ಣೆಯನ್ನು ಬೆರಳುಗಳ ನಡುವೆ ಉಜ್ಜಿದೆ. ನಾನು ದಿನವೂ ಮುಟ್ಟುವ ಹೊಸ ಕಾರುಗಳ ಎಣ್ಣೆಗಿಂತ ಬಹಳ ಮಂದ.

"ಇದ್ಯಾವ ಎಣ್ಣೆ ಹಾಕಿದೀರಿ?"

"ನಲವತ್ತನೇ ನಂಬ್ರು ಸಾ. ಮೊದಲಿಂದ್ಲೂ ಅದೇಯ."

"ಸದ್ದು ಬರ್ದೇ ಇರ್ಲಿ ಅಂತಾನಾ?"

ಅವರಿಗೆ ನನ್ನ ಮಾತು ಅರ್ಥವಾಗಲಿಲ್ಲ. "ಸದ್ದು ಯಾವತ್ತೂ ಇರ್ಲಿಲ್ವಲ್ಲ ಸಾ," ಎಂದರು.

ನನಗೆ ಎಲ್ಲವೂ ಕೂಡಿಕೊಂಡಿತು. ಸವೆದ ಇಂಜಿನ್ನಿಗೆ ಮಂದ ಎಣ್ಣೆ ತುಂಬಿ ಸದ್ದು ಅಡಗಿಸಿ, ಹೊಗೆ ನಿಲ್ಲಿಸಿ, ಪ್ರೆಶರ್ ಏರಿಸಿ ಮಾರುವವರು ಉಂಟು. ಮೊದಲ ದಿನ ಕಂಡ ಒಳ್ಳೆಯ ಲಕ್ಷಣಗಳೆಲ್ಲ ಈಗ ಮೋಸದ ಲಕ್ಷಣಗಳಾದವು. ಗೇಜನ್ನು ಪೆಟ್ಟಿಗೆಗೆ ಹಾಕಿದೆ. ಚಾಲಕರು ಇಳಿದು ಚಪ್ಪಲಿ ಮೆಟ್ಟಿಕೊಂಡು ಬಂದು, ಅಂಕಿ ಎಷ್ಟು ಬಂತು ಎಂದು ಕೇಳಿದರು. ವರದಿಯಲ್ಲಿ ತಿಳಿಸಲಾಗುವುದು ಎಂದೆ.

ವರದಿ ಬರೆಯಲು ಎರಡು ರಾತ್ರಿ ಹಿಡಿಯಿತು. ಒಂದೂವರೆ ಪುಟ. ಅಂಕಿಗಳನ್ನು ಪಟ್ಟಿಯಾಗಿ ಬರೆದೆ. ಅಂಗೈಗೆ ತಟ್ಟಿದ ಉಸಿರು, ಒಣಗಿದ ಹಾಳೆ, ಹೆಂಚಿನ ಬಣ್ಣದ ಪ್ಲಗ್ಗು, ಇವು ಮೂರನ್ನೂ ಬಿಟ್ಟೆ. ಅವು ವಾಕ್ಯದ ಓಟಕ್ಕೆ ಅಡ್ಡ ಬರುತ್ತಿದ್ದವು. ನನಗೆ ಬಹಳ ಹಿಡಿಸಿದ್ದು ಕೊನೆಯ ವಾಕ್ಯ: 'ಸದರಿ ಇಂಜಿನ್ನಿನ ಶಿಥಿಲಾವಸ್ಥೆಯನ್ನು ವಾಹನದ ಚಾಲಕರು ಮಂದ ಎಣ್ಣೆಯ ಬಳಕೆಯ ಮೂಲಕ ಉದ್ದೇಶಪೂರ್ವಕವಾಗಿ ಮರೆಮಾಚಿರುವುದು ತಪಾಸಣೆಯ ವೇಳೆ ಕಂಡುಬಂದಿರುತ್ತದೆ.' ಇದನ್ನು ಗಟ್ಟಿಯಾಗಿ ಓದಿಕೊಂಡೆ. ಸೀಲು ಹಾಕಿದೆ. ಒಂದು ಪ್ರತಿಯನ್ನು ಖರೀದಿದಾರರಿಗೆ ಕಳಿಸಿ, ಇನ್ನೊಂದನ್ನು ಮಗನಿಗೆ ಕೊಡಲು ನಾನೇ ಹೋದೆ.

ಮಗ ಜಗಲಿಯ ಮೇಲೆ ನಿಂತು ಪೂರ್ತಿ ಓದಿದರು. ಆಮೇಲೆ ಶೆಡ್ಡಿನ ಕಡೆ ನೋಡಿ ಕೂಗಿದರು.

"ಬಾರ್ಲಾ ಇಲ್ಲಿ, ಡ್ರೈವ್ರು. ನಿನ್ನ ಮೇಲೆ ಕಾಗ್ದ ಬಂದದೆ. ಓದು."

ಈ ಮಗನನ್ನು ಶಾಲೆಗೆ ಬಿಟ್ಟು ಕರೆತರುತ್ತಿದ್ದವರು ಆ ಚಾಲಕರೇ. ಅವರು ಬಂದು ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

"ಕನ್ನಡಕ ಒಳಗದೆ ಬುದ್ಧಿ."

"ಕಾರು ಓಡ್ಸೋಕೆ ಕಣ್ಣು ಕಾಣ್ತದೆ, ಕಾಗ್ದ ಓದೋಕೆ ಕಾಣಾಕಿಲ್ವಾ? ಕೊನೇದು ಓದ್ಲಾ. ಎಲ್ರಿಗೂ ಕೇಳ್ಬೇಕು."

ಅಂಗಳದಲ್ಲಿ ಸೊಪ್ಪಿನ ಸದ್ದು ನಿಂತಿತು. ಚಾಲಕರು ಹಾಳೆಯನ್ನು ದೂರ ಹಿಡಿದು, ಒಂದೊಂದೇ ಪದ ಓದಿದರು. 'ಶಿಥಿಲಾವಸ್ಥೆ' ಎಂಬಲ್ಲಿ ಒಮ್ಮೆ ತಡೆದರು. 'ಉದ್ದೇಶ' ಎಂದು ನಿಂತರು. ಮತ್ತೆ ಮೊದಲಿನಿಂದ ಬಂದು 'ಉದ್ದೇಶಪೂ' ಎಂದು ನಿಂತರು. ಮಗ ಅವರ ದನಿಯನ್ನೇ ಅಣಕಿಸಿ, "ಉದ್ದೇಸ, ಉದ್ದೇಸ. ಗೇರು ಸಿಕ್ಕಾಕ್ಕೊಂಡದೆ ನೋಡ್ರಮ್ಮಾ," ಎಂದರು. ಒಬ್ಬಿಬ್ಬರು ಹೆಂಗಸರು ನಕ್ಕರು. ಚಾಲಕರು ನನ್ನ ಕಡೆ ತಿರುಗಿದರು.

"ಇದು ಅಂಗಂದ್ರೇನು ಸಾ?"

ನಾನು ಅರ್ಥ ಹೇಳಿದೆ. ಬೇಕು ಅಂತಲೇ ಮಾಡಿದ್ದು ಎಂದು ಅರ್ಥ ಎಂದೆ.

ಅವರು ಹಾಳೆಯನ್ನು ನೋಡುತ್ತಾ, "ಬೇಕು ಅಂತ ನಾನೇನು ಮಾಡ್ದೆ?" ಎಂದು ಕೇಳಿದರು. ಆ ಪ್ರಶ್ನೆ ನನಗೋ, ಮಗನಿಗೋ, ಹಾಳೆಗೋ ತಿಳಿಯಲಿಲ್ಲ.

"ನಮ್ಮಪ್ಪ ಬದುಕಿರೋಗಂಟ ಅವ್ರಿಗೆ ಟೋಪಿ ಹಾಕ್ದೆ. ಈಗ ಬಂದೋರ್ಗೂ ಹಾಕಾಕೆ ನೋಡ್ದೆ," ಎಂದರು ಮಗ. "ಕಾರು ಬೆಳಿಗ್ಗೆ ಓಯ್ತದೆ. ನೀನು ಅದಕ್ಕಿಂತ ಮೊದ್ಲು ರೂಮು ಖಾಲಿ ಮಾಡು. ಗ್ರೇಡಿಂಗ್ ಮುಗಿಯೋಗಂಟ ನಿನ್ ಹೆಂಡ್ರು ಬೇಕಾರೆ ಬಂದು ಹೋಗ್ಲಿ."

ಮರುದಿನ ಕಾರನ್ನು ಒಯ್ಯಲು ಖರೀದಿದಾರರ ಕಡೆಯವನೊಬ್ಬ ಬಂದ. ಕಾಗದಪತ್ರಕ್ಕೆ ಸಾಕ್ಷಿಯಾಗಿ ನಾನೂ ಇದ್ದೆ. ಚಾಲಕರು ಕೀಲಿಯನ್ನು ಅಂಗಿಯ ತುದಿಯಲ್ಲಿ ಒರೆಸಿ ಕೊಟ್ಟರು. ಬಂದವನು ಬೂಟಿನಲ್ಲೇ ಕೂತು, ತಣ್ಣಗಿದ್ದ ಇಂಜಿನ್ನನ್ನು ಪೆಡಲ್ ತುಳಿಯುತ್ತಲೇ ಸ್ಟಾರ್ಟ್ ಮಾಡಿ, ಕಿರುಚುವಷ್ಟು ಏರಿಸಿದ. ಚಾಲಕರ ಕೈ ತಾನಾಗಿ ಮೇಲೆದ್ದು, ಅರ್ಧಕ್ಕೆ ನಿಂತು, ಕೆಳಗಿಳಿಯಿತು. ಅವರ ಹೆಂಡತಿ ಒಂದು ಟ್ರಂಕಿನ ಮೇಲೆ ಕೂತಿದ್ದರು. ನನ್ನ ಕಡೆ ನೋಡಲಿಲ್ಲ.

ಸುಮಾರು ಒಂದು ತಿಂಗಳ ನಂತರ ಬೇರೊಂದು ಕೆಲಸಕ್ಕೆ ಕೃಷ್ಣರಾಜನಗರದ ಒಂದು ಬೋರಿಂಗ್ ಅಂಗಡಿಗೆ ಹೋಗಿದ್ದೆ. ಸವೆದ ಸಿಲಿಂಡರುಗಳನ್ನು ಕೊರೆದು ಸರಿಪಡಿಸುವ ಅಂಗಡಿ ಅದು. ಅಲ್ಲಿಯ ಹಿರಿಯರಿಗೆ ನಾನು ಬಹಳ ಹಿಂದಿನಿಂದ ಪರಿಚಿತ. ಬೆಂಚಿನ ಮೇಲೆ ಸದರಿ ಇಂಜಿನ್ ಬಿಚ್ಚಿದ ಸ್ಥಿತಿಯಲ್ಲಿತ್ತು. ಗುಜರಿಯವರೊಬ್ಬರು ಖರೀದಿದಾರರಿಂದ ಕೊಂಡು ಅಲ್ಲಿಗೆ ತಂದಿದ್ದರು.

"ಇದನ್ನ ಗಾಡಿಯಿಂದ ಇಳ್ಸು ಅಂದೋನು ಯಾವನ್ಲಾ?" ಎಂದರು ಹಿರಿಯರು, ನನ್ನನ್ನಲ್ಲ, ಇಂಜಿನ್ನನ್ನು ಕೇಳಿದಂತೆ.

ಅವರು ನನ್ನ ಕೈ ಹಿಡಿದು ಸಿಲಿಂಡರಿನೊಳಗೆ ಇಳಿಸಿದರು. ಗೋಡೆ ಸವೆದಿದ್ದರೆ, ರಿಂಗು ಮುಟ್ಟದ ಮೇಲಿನ ಅಂಚು ಮೆಟ್ಟಿಲಿನಂತೆ ಉಳಿದು ಉಗುರಿಗೆ ಸಿಗುತ್ತದೆ. ನನ್ನ ಉಗುರು ಎಲ್ಲಿಯೂ ನಿಲ್ಲದೆ ಜಾರಿತು.

"ಇದು ನಾನೇ ಬೋರ್ ಮಾಡಿದ್ದು. ಮೊದಲ್ನೇ ಸಲ ಮೀಟ್ರು ಸುತ್ತಿದಾಗ ಒಬ್ಬ ಡ್ರೈವರ್ರು ತಂದಿದ್ದ. ಮುಗಿಯೋಗಂಟ ಇಲ್ಲೇ ಕೂತಿದ್ದ, ಊಟಕ್ಕೂ ಏಳ್ಲಿಲ್ಲ. ನೋಡು ಎಂಗೆ ಮಡಿಕ್ಕಂಡವ್ನೆ. ಇನ್ನೊಂದರವತ್ತು ಸಾವ್ರ ಕಣ್ಣು ಮುಚ್ಕೊಂಡು ಓಡ್ತಿತ್ತು."

"ಮಂದದ ಎಣ್ಣೆ ಹಾಕಿದ್ರು," ಎಂದೆ.

"ಇನ್ನೇನು ಹರಳೆಣ್ಣೆ ಹಾಕ್ತಾರಾ? ಈ ಇಂಜಿನ್ನಿಗೆ ನಲವತ್ತೇ ಎಣ್ಣೆ."

ಆಗ ನಾನು ನನ್ನ ಅಂಕಿಗಳನ್ನು ಹೇಳಿದೆ. ಅವು ನನಗೆ ಬಾಯಿಪಾಠವಾಗಿದ್ದವು. ಹಿರಿಯರು ಕನ್ನಡಕ ತೆಗೆದರು.

"ನಾಲ್ಕೂ ಒಂದೇ ಅಂಕಿನಾ? ನಾಲ್ಕು ಸಿಲಿಂಡ್ರು ಮಾತಾಡ್ಕಂಡು ಸಮವಾಗಿ ಸವೀತಾವೇನ್ಲಾ? ಒಂದು ಎಪ್ಪತ್ತಿದ್ರೆ ಇನ್ನೊಂದು ನೂರಿರ್ತದೆ. ಸೀಟಲ್ಲಿ ಯಾರು ಕೂತಿದ್ರು?"

"ಡ್ರೈವರ್ರು."

"ಅವನ ಕಾಲೆಲ್ಲಿತ್ತು?"

ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಕಂಪ್ರೆಷನ್ ನೋಡುವಾಗ ಸೀಟಿನಲ್ಲಿರುವವರು ಆಕ್ಸಿಲರೇಟರ್ ಪೆಡಲನ್ನು ತಳದವರೆಗೆ ಒತ್ತಿ ಹಿಡಿಯಬೇಕು. ಆಗ ಮಾತ್ರ ಗಾಳಿ ಒಳಹೋಗುವ ಬಾಗಿಲು ತೆರೆಯುತ್ತದೆ. ಒತ್ತದಿದ್ದರೆ ಇಂಜಿನ್ನಿಗೆ ಅದುಮಲು ಗಾಳಿಯೇ ಸಿಗದೆ, ಎಷ್ಟು ಗಟ್ಟಿ ಇಂಜಿನ್ನಾದರೂ ನಾಲ್ಕೂ ಸಿಲಿಂಡರುಗಳ ಅಂಕಿ ಒಂದೇ ಸಮ ಕುಸಿಯುತ್ತದೆ. ನನ್ನ ಗ್ಯಾರೇಜಿನಲ್ಲಿ ಸೀಟಿನಲ್ಲಿ ಕೂರುವವರು ಹೇಳದೆಯೇ ಒತ್ತುತ್ತಾರೆ. ಆದ್ದರಿಂದ ಅಂದು ನಾನು ಹೇಳಲಿಲ್ಲ. ಮತ್ತು ಯಾರು, ಯಾವ ಕಾರಣಕ್ಕೆ, ನಲವತ್ತು ವರ್ಷದಿಂದ ಸ್ಟಾರ್ಟ್ ಮಾಡುವಾಗ ಅದನ್ನು ಮುಟ್ಟಿಲ್ಲ ಎಂದು ಮೂರು ದಿನ ಮೊದಲು ತಮ್ಮ ಬಾಯಿಂದಲೇ ನನಗೆ ತಿಳಿಸಿದ್ದರೋ, ಅವರನ್ನೇ ಸೀಟಿನಲ್ಲಿ ಕೂರಿಸಿದ್ದೆ. ಅವರು ಪಾದಗಳನ್ನು ಹಿಂದಕ್ಕೆ ಎಳೆದುಕೊಂಡು, ಹಿಮ್ಮಡಿ ಜೋಡಿಸಿ, ತಮ್ಮ ಯಜಮಾನರ ಮಾತನ್ನು ನಾಲ್ಕು ಸಿಲಿಂಡರಿಗೂ ಎರಡೆರಡು ಬಾರಿ ಪಾಲಿಸಿದ್ದರು.

ಅಲ್ಲಿಂದ ನೇರವಾಗಿ ಕೋಟೆಗೆ ಹೋದೆ. ಕಾರು ಕೋಣೆಗಳ ಮುಂದೆ ನಿಂತಿತ್ತು. ಹೊಸ ಬಣ್ಣ, ಒಳಗೆ ಡೀಸೆಲ್ ಇಂಜಿನ್. ನನ್ನ ವರದಿ ತಪ್ಪಾಗಿದೆ ಎಂದು ಖರೀದಿದಾರರಿಗೆ ನಿವೇದಿಸಿಕೊಂಡೆ. ಅವರು ಗಟ್ಟಿಯಾಗಿ ನಕ್ಕು ನನ್ನ ಭುಜ ತಟ್ಟಿದರು.

"ತಪ್ಪಾಗಿದ್ರೆ ಆಗ್ಲಿ ಬುಡ್ರಿ. ನಂಗೆ ಮೊದಲಿಂದ್ಲೂ ಡೀಸೆಲ್ಲೇ ಹಾಕ್ಬೇಕು ಅಂತಿತ್ತು. ಚೌಕಾಸಿಗೆ ಒಂದು ಕಾಗ್ದ ಬೇಕಿತ್ತು, ಕೊಟ್ರಿ. ಅದೂ ಎಂಥಾ ಕನ್ನಡ ಕಣ್ರೀ! ಎರಡು ಸಲ ಓದ್ದೆ."

"ಆ ಡ್ರೈವರ್ರು..."

"ನೋಡಿ, ಇಂಜಿನ್ ಹೆಂಗಿದೆ ಬರೀರಿ ಅಂದಿದ್ದು ನಾನು. ಅವನ ಮೇಲೆ ಬರೀರಿ ಅಂತ ನಾನು ಹೇಳಿದ್ನಾ? ಅದು ನಿಮ್ಮ ಸ್ವಂತದ್ದು."

ಆರು ಗಾಡಿಗಳ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಚಾಲಕರನ್ನು ಹುಡುಕಲು ಎರಡು ವಾರ ಬೇಕಾಯಿತು. ಬೈಲಕುಪ್ಪೆಯಲ್ಲಿ ಟಿಬೆಟನ್ನರ ದೇವಸ್ಥಾನ ನೋಡಲು ಬರುವವರ ಕಾರುಗಳಿಗೆಂದು ಒಂದು ಖಾಲಿ ಹೊಲವನ್ನು ಪಾರ್ಕಿಂಗ್ ಮಾಡಿದ್ದಾರೆ. ಅಲ್ಲಿ ಸೀಟಿ ಊದಿ ಕಾರುಗಳನ್ನು ಸಾಲಿಗೆ ನಿಲ್ಲಿಸುವ ಕೆಲಸ ಅವರಿಗೆ ಸಿಕ್ಕಿತ್ತು. ಅದೇ ಬಿಳಿ ಅಂಗಿ, ಇಸ್ತ್ರಿ ಇರಲಿಲ್ಲ. ಹೋಗುವ ಮುನ್ನ ನಾನು ತಿದ್ದುಪಡಿ ಪತ್ರವೊಂದನ್ನು ಬರೆದಿದ್ದೆ. ಅದರಲ್ಲಿ ಮೊದಲ ವರದಿಯನ್ನು ಹಿಂಪಡೆದಿರುವುದಾಗಿಯೂ, ಇಂಜಿನ್ ಸುಸ್ಥಿತಿಯಲ್ಲಿತ್ತೆಂದೂ, ಚಾಲಕರು ಉದ್ದೇಶಪೂರ್ವಕವಾಗಿ ಯಾವುದನ್ನೂ ಮರೆಮಾಚಿರುವುದಿಲ್ಲವೆಂದೂ ನಮೂದಿಸಿದ್ದೆ.

ನನ್ನ ವ್ಯಾನನ್ನು ಗುರುತಿಸಿ ಅವರೇ ಕಿಟಕಿಯ ಬಳಿ ಬಂದರು. ಮುಖದಲ್ಲಿ ಸಿಟ್ಟು ಇರಲಿಲ್ಲ. ಅದಕ್ಕಿಂತ ಕಷ್ಟವಾದದ್ದು ಇತ್ತು.

"ನೀವು ಬಂದಿದ್ದು ಒಳ್ಳೇದಾಯ್ತು ಸಾ. ಒಂದು ಕೇಳ್ಬೇಕಿತ್ತು. ಇಂಜಿನ್ನು ಓಗಿದ್ದು ಯಾವಾಗ? ಒಂದು ಸಲ ವಿರಾಜಪೇಟೆ ದಾರೀಲಿ ನೀರು ಕಾದಿತ್ತು. ಇನ್ನೊಂದರ್ಧ ಗಂಟೆ ನಿಲ್ಸಬೇಕಿತ್ತು, ದೊಡ್ಡೋರ್ಗೆ ಅರ್ಜೆಂಟಿತ್ತು ಅಂತ ಹೊಡ್ಕಂಡು ಬಂದೆ. ಅಲ್ಲೇ ಕೆಟ್ಟಿರ್ಬೇಕು ಅನ್ಕಂಡಿವ್ನಿ. ನನ್ ಹೆಂಡ್ರು ನಿಮ್ಮನ್ನ ಬಯ್ತಾಳೆ. ನಾನೇ ಬ್ಯಾಡ ಅಂದಿವ್ನಿ. ಓದ್ದೋರು ಸುಮ್ಮನೆ ಬರೀತಾರಾ, ನಾನೇ ಕೆಡ್ಸಿವ್ನಿ ಅಂದೆ."

ಇಲ್ಲಿ ಸುಮ್ಮನೆ ಹಿಂದಿರುಗುವ ಅವಕಾಶ ನನಗಿತ್ತು. ಅವರು ಒಂದು ಕಾರಣ ಕಂಡುಕೊಂಡು ಅದರ ಜೊತೆ ಹೊಂದಿಕೊಂಡಿದ್ದರು. ಹೇಳಬೇಕೋ ಬೇಡವೋ ಎಂದು ಯೋಚಿಸಿದೆ, ಹೇಳಿದೆ. ಇಂಜಿನ್ ಚೆನ್ನಾಗಿತ್ತು, ಪೆಡಲ್ ಒತ್ತಿ ಎಂದು ನಾನು ಹೇಳಬೇಕಿತ್ತು, ಹೇಳಲಿಲ್ಲ ಎಂದೆ. ಅದನ್ನು ಅವರಿಗಾಗಿ ಹೇಳಿದೆನೋ, ನನ್ನ ಹೊರೆ ಇಳಿಸಿಕೊಳ್ಳಲು ಹೇಳಿದೆನೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಅವರು ತಮ್ಮ ಬಲಗಾಲನ್ನು ನೋಡಿಕೊಂಡರು.

"ಒತ್ತು ಅಂತ ಒಂದು ಮಾತು ಅಂದಿದ್ರೆ ಒತ್ತುತಿದ್ನಲ್ಲ ಸಾ," ಎಂದರು. "ನೀವು ಹೇಳಿದ್ರೆ ದೊಡ್ಡೋರ ಮಾತೂ ಮೀರ್ತಿದ್ದೆ."

ಪತ್ರವನ್ನು ಕೊಟ್ಟೆ. ಈ ಸಲ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಗಟ್ಟಿಯಾಗಿಯೇ ಓದಿದರು. ಆ ಉದ್ದನೆಯ ಪದ ಬಂದಾಗ ಎಲ್ಲಿಯೂ ತಡೆಯದೆ ಒಂದೇ ಉಸಿರಿಗೆ ಓದಿ, ತಲೆ ಎತ್ತಿದರು.

"ಇದು ಈಗ ಬತ್ತದೆ ಸಾ. ಅವತ್ತಿಂದ ದಿನಾ ಹೇಳ್ಕಂಡಿವ್ನಿ."

ಹಾಳೆಯನ್ನು ತಿರುಗಿಸಿ ಹಿಂದೆ ನೋಡಿದರು. ಮತ್ತೆ ಮುಂದೆ ನೋಡಿದರು. ನನ್ನ ಸಹಿಯ ಪಕ್ಕದ ಖಾಲಿ ಜಾಗದ ಮೇಲೆ ಬೆರಳಿಟ್ಟರು.

"ಅವತ್ತಿನ ಕಾಗ್ದದಲ್ಲಿ ಇಲ್ಲಿ ದುಂಡುಗೆ ಸೀಲಿತ್ತು. ಇದ್ರಲ್ಲಿ ಇಲ್ವಲ್ಲ ಸಾ?"

ಸೀಲು ಹಾಕಿದರೆ ಪತ್ರ ಅಧಿಕೃತವಾಗುತ್ತದೆ, ನಾಳೆ ಯಾರಾದರೂ ಅದನ್ನು ಹಿಡಿದು ನನ್ನ ಮೇಲೆ ದಾವೆ ಹೂಡಬಹುದು ಎಂದು ಯೋಚಿಸಿಯೇ ನಾನು ಹಾಕಿರಲಿಲ್ಲ. ಮರೆತುಹೋಯಿತು ಎಂದೆ.

ಅಷ್ಟರಲ್ಲಿ ನನ್ನ ವ್ಯಾನಿನ ಎದುರು, ಹೊರಹೋಗಲು ಒಂದು ಪ್ರವಾಸಿ ಬಸ್ಸು ಬಂದು ನಿಂತು ಹಾರನ್ ಹೊಡೆಯಿತು. ಚಾಲಕರು ಪತ್ರವನ್ನು ಇದ್ದ ಮಡಿಕೆಯಲ್ಲೇ ಮಡಿಸಿ ಕಿಟಕಿಯೊಳಗೆ ಹಿಂದಕ್ಕೆ ಚಾಚಿದರು.

"ಇದನ್ನ ನಾನು ಯಾರ್ಗೆ ತೋರ್ಸ್ಲಿ? ಮಡಿಕ್ಕಳಿ. ಗಾಡಿ ತೆಗೀರಿ ಸಾ, ದಾರೀಗೆ ಅಡ್ಡ ಆಗದೆ."

ಸೀಲು ಮತ್ತು ಮಸಿಯ ಡಬ್ಬಿ ನನ್ನ ಎದುರಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲೇ ಇದ್ದವು. ಕೈ ಚಾಚಿದರೆ ಸಿಗುತ್ತಿತ್ತು. ನಾನು ಕೀಲಿ ತಿರುಗಿಸಿದೆ. ಅವರು ಹಿಂದೆ ಹೋಗಿ ನಿಂತು ಸೀಟಿ ಊದಿದರು. ಅವರ ಕೈ ತೋರಿಸಿದ ಕಡೆಗೆಲ್ಲ, ಅವರು ಊದಿದಷ್ಟು ದೂರ, ವ್ಯಾನನ್ನು ಹಿಂದಕ್ಕೆ ತೆಗೆದುಕೊಂಡು ಹೊರಗೆ ಬಂದೆ.